ನಿನ್ನ ಕಾರಿನ ಗೀರು, ನಿನ್ನ ತಮ್ಮನ ತೊಟ್ಟಿಲು

ಮೂಡಿಗೆರೆ
19 ಜನವರಿ 2025, ಭಾನುವಾರ

ಪ್ರೀತಿಯ ವಿಶಾಲೂ,

ಕ್ಷೇಮ ವಿಚಾರಿಸುವ ಮೊದಲು ಒಂದು ತಪ್ಪೊಪ್ಪಿಗೆ ದಾಖಲಾಗಬೇಕಾಗಿದೆ. ನಿವೃತ್ತ ತರ್ಕಶಾಸ್ತ್ರ ಉಪನ್ಯಾಸಕನೂ, ನಿನ್ನ ಕೈಹಿಡಿದ ಗಂಡನೂ, ಈಚೆಗಷ್ಟೇ ತಾತನ ಹುದ್ದೆಗೆ ಬಡ್ತಿ ಪಡೆದವನೂ ಆದ ಶಂಕರ ಎಂಬ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಉಗ್ರಾಣದ ಮೂಲೆಯಲ್ಲಿ ನೀನು ಹಪ್ಪಳ ತುಂಬಿಟ್ಟಿದ್ದ ಮುಚ್ಚಳದ ಬಕೆಟ್ಟನ್ನು ನಾನು ಕದ್ದಿದ್ದೇನೆ. ನಿರಾಶ್ರಿತ ಹಪ್ಪಳಗಳಿಗೆ ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಪುನರ್ವಸತಿ ಕಲ್ಪಿಸಲಾಗಿದೆ. ಸ್ಥಳಾಂತರದ ಗಲಾಟೆಯಲ್ಲಿ ಕೆಲವು ಕಾಣೆಯಾಗಿವೆ. ಅವು ಎಣ್ಣೆ ಬಾಣಲೆಯ ಕಡೆಗೆ ಹೋಗುತ್ತಿದ್ದುದನ್ನು ಕಂಡವರಿದ್ದಾರೆ. ಆದರೆ ಕಳ್ಳತನದ ಉದ್ದೇಶ ಪವಿತ್ರವಾದದ್ದು. ಕಾರು ತೊಳೆಯಲು ಎರಡು ಬಕೆಟ್ ಬೇಕೇ ಬೇಕು ಎಂದು ಅಪ್ಪಣೆ ಮಾಡಿದವಳು ನೀನು. ಮನೆಯ ಉಳಿದ ಬಕೆಟ್ಟುಗಳನ್ನೆಲ್ಲ ತವರಿನಿಂದ ತಂದ ಒಡವೆಯಂತೆ ಕಾಯುವವಳು ನಮ್ಮ ಮನೆಗೆಲಸದ ಕೃಷ್ಣಮ್ಮ. ಇಬ್ಬರ ನಡುವೆ ಸಿಕ್ಕಿದ ಗಂಡಸು ಕಳ್ಳನಾಗದೆ ಇನ್ನೇನಾದಾನು.

ಈಗ ಕ್ಷೇಮ ಸಮಾಚಾರ. ನಮ್ಮ ಬಾಣಂತಿ ಧನ್ಯಶ್ರೀಯ ಬೆನ್ನುನೋವು ಇಳಿಯಿತೇ? ಮೆಂತ್ಯದ ಗಂಜಿಯನ್ನು ಕುಡಿಯುತ್ತಿದ್ದಾಳೋ, ಅಥವಾ ಚಿಕ್ಕವಳಿದ್ದಾಗ ಹಾಲನ್ನು ಕ್ರೋಟನ್ ಗಿಡಕ್ಕೆ ಸುರಿಯುತ್ತಿದ್ದ ಹಾಗೆ ಬೀಗರ ಮನೆಯ ಗಿಡಗಳನ್ನು ಪುಷ್ಟಿಗೊಳಿಸುತ್ತಿದ್ದಾಳೋ? ನಿನ್ನ ಮಂಡಿಗೆ ಶಿವಮೊಗ್ಗದ ಆ ಮಹಡಿ ಮೆಟ್ಟಿಲು ಒಗ್ಗಿತೇ? ಮಗುವಿನ ಫೋಟೋ ನೋಡಿದೆ. ಹಣೆ ನಮ್ಮ ಕಡೆಯದು, ಮೂಗು ಬೀಗರದು, ಮುಷ್ಟಿ ಬಿಗಿಹಿಡಿದ ಕೋಪ ಮಾತ್ರ ನಿಸ್ಸಂಶಯವಾಗಿ ನಿನ್ನ ತವರಾದ ಗೋಣಿಬೀಡಿನದು. ಆ ಕೋಪದ ಬಗ್ಗೆ ಮುಂದೆ ವಿಸ್ತಾರವಾಗಿ ಬರೆಯಲಿದ್ದೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಬೆಳಗಿನ ಮಂಜು ಈ ಸಲ ಜಾಸ್ತಿ. ನೀನೇ ಆರಿಸಿಕೊಟ್ಟ ಹೊಸ ಕನ್ನಡಕದ ಮೇಲೆ ಮಧ್ಯಾಹ್ನವಾದರೂ ಮಬ್ಬು ಕೂತೇ ಇರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಹುಬ್ಬು ಗಂಟಿಕ್ಕಿರುತ್ತೀ. ಕಾರಣ ನಿನ್ನ ಫೋನಿನ ಸ್ಪೀಕರ್. ನಾನು ಫೋನ್ ಮಾಡಿದ ತಕ್ಷಣ ನೀನು ಅದನ್ನು ಸ್ಪೀಕರಿಗೆ ಹಾಕಿ, ಮಂಚದ ಮೇಲಿಟ್ಟು, ಮಗುವಿಗೆ ಎಣ್ಣೆ ಹಚ್ಚುತ್ತಾ ಕೂರುತ್ತೀ. ಹೋದ ವಾರ ನನ್ನ ಹೊಟ್ಟೆಯ ತೊಂದರೆಯನ್ನು ಜಗತ್ತಿನಲ್ಲಿ ನಿನಗೊಬ್ಬಳಿಗೇ ಎಂದು ಪಿಸುಗುಟ್ಟಿದರೆ, ಆ ಕಡೆಯಿಂದ ಗಡಸು ಗಂಡುದನಿಯೊಂದು, "ರಾತ್ರಿ ಎರಡು ಬಾಳೆಹಣ್ಣು ತಗೊಳ್ಳಿ ಬೀಗ್ರೇ" ಎಂದಿತು. ಆ ದಿನದಿಂದ ನಾನು ಫೋನಿನಲ್ಲಿ ಹವಾಮಾನ ಮಾತ್ರ ಮಾತನಾಡುತ್ತಿದ್ದೇನೆ, ನೀನು ಗಮನಿಸಿರಬಹುದು. ಈಗ ಹೇಳಹೊರಟಿರುವುದು ನಿನ್ನ ತವರಿನ ಮರ್ಯಾದೆಯ ವಿಷಯ. ಅದನ್ನು ಬೀಗರ ಕಿವಿಗೆ ಹಾಕುವಷ್ಟು ಕೆಟ್ಟವನಲ್ಲ ನಾನು. ಆದ್ದರಿಂದ ಈ ಕಾಗದವನ್ನು ಒಬ್ಬಳೇ ಓದು. ಬಾಯಿಬಿಟ್ಟು ಓದಬೇಡ.

ವಿಷಯ ನಿನ್ನ ಕಾರು.

ನೀನು ಹೊರಟ ದಿನ ಅಳಿಯ ಅರುಣನ ಕಾರಿನೊಳಗೆ ಒಂದು ಕಾಲು, ನಮ್ಮ ಅಂಗಳದಲ್ಲಿ ಒಂದು ಕಾಲು ಇಟ್ಟುಕೊಂಡು ಕೊಟ್ಟ ಪಾಠ ನನಗೆ ಬಾಯಿಪಾಠವಾಗಿದೆ. ಹೆಡ್‌ಮೇಡಂ ನಿವೃತ್ತಿಯಾದರೂ ಬೆತ್ತ ನಿವೃತ್ತಿಯಾಗಿರಲಿಲ್ಲ. "ಬಿಸಿಲಲ್ಲಿ ತೊಳೀಬೇಡಿ, ಬಾನೆಟ್ ತಣ್ಣಗಿರ್ಬೇಕು. ಮೊದ್ಲು ಬರೀ ನೀರು ಹಾಕಿ ಧೂಳು ಇಳಿಸಿ. ಒಣ ಬಟ್ಟೇಲಿ ಧೂಳು ಒರೆಸಿದ್ರೆ ನನ್ನಾಣೆ. ಪಾತ್ರೆ ಸೋಪು ಬೇಡ, ಕಪಾಟಲ್ಲಿರೋ ಕಾರಿನ ಶಾಂಪೂ ಮಾತ್ರ. ಒಂದು ಬಕೆಟಲ್ಲಿ ಶಾಂಪೂ ನೀರು, ಇನ್ನೊಂದ್ರಲ್ಲಿ ಬರೀ ನೀರು. ಕಾರು ಒರೆಸಿದ ಸ್ಪಂಜನ್ನ ಮೊದ್ಲು ಬರೀ ನೀರಲ್ಲಿ ಜಾಲಾಡಿಸಿ, ಆಮೇಲೆ ಶಾಂಪೂಗೆ ಅದ್ದಿ, ಇಲ್ಲಾಂದ್ರೆ ಕೊಳೆ ತಿರುಗಿ ಕಾರಿಗೇ ಹೋಗ್ತದೆ. ಮೇಲಿಂದ ಕೆಳಕ್ಕೆ ತೊಳೀರಿ. ಚಕ್ರದ ಬಟ್ಟೆ ಬೇರೆ. ನೀರು ತಾನಾಗೇ ಆರೋಕೆ ಬಿಡಬೇಡಿ, ಕಲೆ ನಿಲ್ತದೆ. ಹಳದಿ ಬಟ್ಟೆ ತಗೊಂಡು ಹಾಸಿ, ಒತ್ತಿ, ಎತ್ತಿ. ಉಜ್ಜಬೇಡಿ. ಆಮೇಲೆ ಅದನ್ನ ಬೇರೆಯಾಗಿ ತೊಳ್ದು ಒಣಗಿಸಿ. ಆ ಬಟ್ಟೇಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡ್ರೂ ಅದು ಬಟ್ಟೆಯಲ್ಲ, ಬಡಗಿಯ ಉಪ್ಪುಕಾಗದ." ಅಳಿಯ ಹಾರ್ನ್ ಒತ್ತಿದ ಮೇಲೆಯೇ ನೀನು ಎರಡನೆಯ ಕಾಲನ್ನು ಒಳಗೆಳೆದುಕೊಂಡದ್ದು. ಮಗಳ ಹೆರಿಗೆಯ ಬಗ್ಗೆಯೂ ನೀನು ಇಷ್ಟು ವಿವರವಾಗಿ ಮಾತನಾಡಿರಲಿಲ್ಲ.

ನನಗೆ ನಿನ್ನ ಮೇಲೆ ಬೇಸರವಿಲ್ಲ. ನಿವೃತ್ತಿಯಾದ ಮೇಲೆ ಡ್ರೈವಿಂಗ್ ಕಲಿತು, ನಮ್ಮ ಘಟ್ಟದ ತಿರುವುಗಳಲ್ಲಿ ಹಿಂದೆ ಕೂತ ನನ್ನ ಪ್ರಾಣವನ್ನು ಹಲವು ಸಲ ಗಂಟಲಿಗೆ ತಂದು, ಕೊನೆಗೆ ನಿನ್ನದೇ ಸಂಪಾದನೆಯಲ್ಲಿ ಕೊಂಡ ಕಾರು ಅದು. ಶೋರೂಮಿನವರು ಬಿಳಿ ತಗೊಳ್ಳಿ ಮೇಡಂ, ಧೂಳು ಕಾಣಲ್ಲ ಅಂದಾಗ, ಧೂಳು ಕಂಡರೇ ತಾನೆ ತೊಳೆಯುವುದು ಎಂದು ಈ ಕಡುನೀಲಿಯನ್ನು ಆರಿಸಿದೆ. ಓಡಿಸುವುದು ನಿನ್ನ ಇಲಾಖೆ, ತೊಳೆಯುವುದು ನನ್ನದು ಎಂಬ ಒಪ್ಪಂದವೂ ಅಂದೇ ಆಯಿತು, ಏಕೆಂದರೆ ನನಗೆ ಓಡಿಸಲು ಬಾರದು. ನಿಂತ ಕಾರನ್ನು ವಾರ ವಾರ ಯಾಕೆ ತೊಳೆಯಬೇಕು ಎಂದು ಕೆಲವರು ಕೇಳುತ್ತಾರೆ. ನಿಂತ ದೇವರಿಗೂ ಅಭಿಷೇಕ ತಪ್ಪಿಸುತ್ತೇವೆಯೇ? ಕಾಫಿ ಕೊಯ್ಲಿನ ಕಾಲ. ರಸ್ತೆಯಲ್ಲಿ ಲಾರಿ, ಪಿಕಪ್ಪು ಓಡಾಡಿ ಎಬ್ಬಿಸುವ ಕೆಂಪು ಧೂಳೆಲ್ಲ ನೇರ ನಮ್ಮ ಪೋರ್ಟಿಕೋಗೇ ವಿಳಾಸ ಕೇಳಿಕೊಂಡು ಬರುತ್ತದೆ.

ಹಾಗಾಗಿ ಹೆಮ್ಮೆಯಿಂದ ಬರೆಯುತ್ತಿದ್ದೇನೆ: ನಿನ್ನ ನಿಯಮಾವಳಿಯ ಒಂದು ಅಕ್ಷರವನ್ನೂ ನಾನು ಮುರಿದಿಲ್ಲ. ಪೋರ್ಟಿಕೋದ ನೆರಳಿನಲ್ಲಿ, ಸೂರ್ಯ ಇನ್ನೂ ಮಂಜಿನಲ್ಲಿ ಮುಖ ತೊಳೆಯುತ್ತಿರುವಾಗ, ಎರಡು ಬಕೆಟ್‌ಗಳ ನಡುವೆ ನಾನು ಋತ್ವಿಜನಂತೆ ನಿಲ್ಲುತ್ತೇನೆ. ಹಳದಿ ಬಟ್ಟೆಗಂತೂ ನಾನು ಮಾಡುವ ಉಪಚಾರವನ್ನು ನನಗೆ ಯಾರೂ ಮಾಡಿದ್ದಿಲ್ಲ. ಬೇರೆ ಬಟ್ಟೆಗಳ ಜೊತೆ ಸೇರಿಸದೆ ತೊಳೆಯುತ್ತೇನೆ. ತಂತಿಯ ಮೇಲೆ ಹಾಕಿದರೆ ತುಕ್ಕಿನ ಕಲೆಯಾದೀತೆಂದು ಅಲ್ಲಿ ಹಾಕುವುದಿಲ್ಲ. ಈ ಕಾಲದಲ್ಲಿ ನಮ್ಮಲ್ಲಿ ಒಣಗಬೇಕಾದದ್ದೆಲ್ಲ ಎಲ್ಲಿ ಒಣಗುತ್ತದೋ ಅಲ್ಲೇ, ಹಿತ್ತಲ ಸಿಮೆಂಟಿನ ಕಾಫಿ ಕಣದ ನಟ್ಟನಡುವೆ, ಒಳ್ಳೆಯ ಬಿಸಿಲಿನಲ್ಲಿ ಅಂಗಾತ ಹಾಸುತ್ತೇನೆ. ಸಿಪ್ಪೆ ಸುಲಿದು ತೊಳೆದ ನಮ್ಮ ಕಾಫಿ ಬೀಜ, ಅದೇ ಪಾರ್ಚ್‌ಮೆಂಟು, ಮೈಮೇಲಿನ ಗರಿಗರಿ ಹೊಟ್ಟಿನ ಸಮೇತ ಒಂದು ಪಕ್ಕ. ಕರಿಮೆಣಸು ಇನ್ನೊಂದು ಪಕ್ಕ. ನಡುವೆ ಸಿಂಹಾಸನದಲ್ಲಿ ನಿನ್ನ ಹಳದಿ ಬಟ್ಟೆ. ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಡಲು ನನಗೇ ಅಪ್ಪಣೆಯಿಲ್ಲ, ಅಂಥ ಮಡಿಯ ಜಾಗ. ಒಣಗಿದ ಮೇಲೆ ಹೆಗಲ ಮೇಲೆ ಶಲ್ಯದಂತೆ ಹೊದ್ದು ತರುತ್ತೇನೆ. ಮನೆಯಲ್ಲಿ ಅಷ್ಟು ಮೆತ್ತನೆಯ ಬಟ್ಟೆ ಇನ್ನೊಂದಿಲ್ಲ. ಹಾಸುತ್ತೇನೆ, ಒತ್ತುತ್ತೇನೆ, ಎತ್ತುತ್ತೇನೆ. ಮುಗಿದಾಗ ಬಾನೆಟ್ಟಿನಲ್ಲಿ ನನ್ನ ಮುಖ, ಉಳಿದಿರುವ ಅಷ್ಟೂ ಹಲ್ಲುಗಳ ಸಮೇತ, ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟಾದರೂ, ವಿಶಾಲೂ, ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಬಿಸಿಲು ಓರೆಯಾಗಿ ಬಾನೆಟ್ಟಿನ ಮೇಲೆ ಬಿದ್ದಾಗ ನಾನು ಕಂಡದ್ದು ಮುಖವನ್ನಲ್ಲ. ಗೀರು. ಒಂದಲ್ಲ; ಕೂದಲೆಳೆಯಂಥವು, ಸೂರ್ಯನ ಬಿಂಬದ ಸುತ್ತ ಜೇಡ ಬಲೆ ನೇಯ್ದ ಹಾಗೆ ಗುಂಡಗುಂಡಗೆ ಹರಡಿಕೊಂಡಿದ್ದವು. ಕೈಯಾಡಿಸಿದರೆ ತಿಳಿಯದು, ಕಣ್ಣಾಡಿಸಿದರೆ ಎದೆ ಒಡೆಯುತ್ತದೆ. ನೀರು ಹಾಕಿದವನು ನಾನು. ಗೀರು ಹಾಕಿದವರು ಯಾರು?

ನನ್ನ ಹೆಸರಿನ ಮೊದಲರ್ಧದಲ್ಲೇ ಶಂಕೆಯಿದೆ ಎಂದು ನೀನು ಮದುವೆಯಾದ ಹೊಸದರಲ್ಲಿ ಹಂಗಿಸುತ್ತಿದ್ದೆ. ಆ ಅರ್ಧ ಅಂದು ಎದ್ದು ಕೂತಿತು. ಮೊದಲ ಶಂಕೆ ಬೆಕ್ಕಿನ ಮೇಲೆ. ಆದರೆ ಬೆಕ್ಕು ಪರಚಿದರೆ ಗೆರೆ ಸಾಲಾಗಿ ಬರಬೇಕು. ವೃತ್ತ ಬರೆಯುವಷ್ಟು ರೇಖಾಗಣಿತ ಅದಕ್ಕೆ ಬಾರದು. ಅದನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದೆ. ಎರಡನೆಯ ಶಂಕೆ ಕೃಷ್ಣಮ್ಮನ ಮೇಲೆ, ಏಕೆಂದರೆ ಕಂಡದ್ದನ್ನೆಲ್ಲ ಸೆರಗಿನಲ್ಲಿ ಒರೆಸುವ ಚಟ ಅವಳಿಗಿದೆ. ದೇವರ ಪಟ, ಟೀವಿ, ಒಮ್ಮೆ ನನ್ನ ಬೋಳುತಲೆ. ನೇರವಾಗಿ ಕೇಳದೆ ಸುತ್ತಿ ಬಳಸಿ, ಕಾರು ಚೆನ್ನಾಗಿದೆ ಅಲ್ಲವಾ ಕೃಷ್ಣಮ್ಮ ಎಂದೆ. ಅವಳು ಪೊರಕೆಯನ್ನು ಕೆಳಗಿಟ್ಟು, "ನಾ ಅದ್ರ ತಾವ ಹೋಗಾದೇ ಇಲ್ಲ ಅಯ್ಯಾ. ಒಂದಿನ ಅದ್ರ ಬಾಗ್ಲ ಹಿಡಿಗೆ ಸೆರಗು ಸಿಕ್ಕಿ ಎಳ್ದಿದ್ದಕ್ಕೆ ಊರೆಲ್ಲ ಕೇಳಂಗೆ ಕೂಗ್ತು. ನಮ್ಮನೆ ನಾಯಿನೇ ವಾಸಿ, ಗುರ್ತ ಹಿಡೀತದೆ" ಎಂದಳು. ಕಾರಿನ ಅಲಾರಂ ಅವಳಿಗೆ ಕೊಟ್ಟ ಯೋಗ್ಯತಾಪತ್ರವೆಂದು ಭಾವಿಸಿ ಅವಳನ್ನೂ ಬಿಟ್ಟೆ.

ಹಾಗಾದರೆ ಉಳಿದವನು ಯಾರು? ಬರೆಯಲು ಕೈ ನಡುಗುತ್ತಿದೆ ಎಂದು ಬರೆಯಬೇಕು, ಆದರೆ ನಡುಗುತ್ತಿಲ್ಲ. ನಿನ್ನ ತಮ್ಮ ಏಕಾಂತಪ್ಪ. ಹೆಸರು ಏಕಾಂತ, ಬರುವುದು ಮಾತ್ರ ಲೋಕಾಂತವಾಗಿ. ಗೋಣಿಬೀಡಿನಿಂದ ಮೂಡಿಗೆರೆಗೆ ಒಂದು ಬೋಲ್ಟು ತರಲು ಹೊರಟರೂ ಜೀಪಿನಲ್ಲಿ ನಾಲ್ಕು ಜನ. ಎಲ್ಲರಿಗೂ ನಮ್ಮ ಮನೆಯಲ್ಲಿ ಕಾಫಿ. ನೀನು ಹೋದ ಮೇಲೆ ಅಕ್ಕ ಇಲ್ಲದ ಮನೆಯಲ್ಲಿ ಭಾವ ಉಪವಾಸ ಬಿದ್ದಿದ್ದಾನೋ ನೋಡಿಕೊಂಡು ಬರುತ್ತೇನೆ ಎಂಬ ನೆವದಲ್ಲಿ ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಮೊದಲು ಇದನ್ನು ಪ್ರೀತಿ ಎಂದುಕೊಂಡಿದ್ದೆ. ಈಗ ಪತ್ತೇದಾರನ ಕಣ್ಣಿನಿಂದ ನೋಡಲು ಶುರು ಮಾಡಿದೆ.

ಮೊನ್ನೆ ಗುರುವಾರ ಅವನ ಜೀಪಿನ ಸದ್ದು ಕೇಳಿದ್ದೇ ನಾನು ಹೊರಗೆ ಹೋಗಲಿಲ್ಲ. ನಡುಮನೆಯ ಕಿಟಕಿಯ ಪರದೆ ಸರಿಸಿ, ಉಸಿರು ಬಿಗಿಹಿಡಿದು ನಿಂತೆ. ಏಕಾಂತ ಇಳಿದ. ತನ್ನ ಕಣದಲ್ಲಿ ಒಣಗಲು ಹರಡಿದ ಕಾಫಿ ಎಳೆಯುತ್ತಿದ್ದವನು ಹಾಗೇ ಎದ್ದು ಬಂದಿರಬೇಕು. ಜೇಬಿನಲ್ಲಿ, ಮೀಸೆಯಲ್ಲಿ, ಕಿವಿಯ ಸಂದಿಯಲ್ಲಿ ಪಾರ್ಚ್‌ಮೆಂಟ್ ಹೊಟ್ಟು. ನಡೆದರೆ ಉದುರುತ್ತಿತ್ತು, ನಕ್ಕರೆ ಹಾರುತ್ತಿತ್ತು. ಸೀದಾ ಬಂದವನು ನಿನ್ನ ಕಾರಿನ ಬಾನೆಟ್ಟಿಗೆ, ಎತ್ತಿನ ಬೆನ್ನಿಗೆ ಒರಗುವ ಹಾಗೆ ಒರಗಿದ. ಒರಗಿ, ಅಂಗೈಯಿಂದ ಎರಡು ಸಲ ತಟ್ಟಿದ. ತಟ್ಟಿ, ಏನೋ ಮಾತನಾಡಿಸಿದ ಹಾಗೂ ಇತ್ತು. ಅವನು ಒಳಗೆ ಬರುವಷ್ಟರಲ್ಲಿ ನಾನು ಹೊರಗೆ ಓಡಿ ಬಾನೆಟ್ಟನ್ನು ಪರೀಕ್ಷಿಸಿದೆ. ವೈಪರಿನ ಬುಡದಲ್ಲಿ, ಗಾಜಿನ ಅಂಚಿನಲ್ಲಿ ಹೊಟ್ಟಿನ ಚೂರುಗಳು ಸಿಕ್ಕಿಕೊಂಡಿದ್ದವು. ಕೆಲವು ನೀರಿನಲ್ಲಿ ನೆನೆದು ಒಣಗಿ ಅಂಟಿದ್ದವು, ಅಂದರೆ ಹಳೆಯವು. ಅಪರಾಧ ಒಂದು ದಿನದ್ದಲ್ಲ, ರೂಢಿಯದು.

ನಲವತ್ತಕ್ಕೆ ಹತ್ತಿರ ವರ್ಷ ಹುಡುಗರಿಗೆ ಅನುಮಾನ ಪ್ರಮಾಣ ಕಲಿಸಿದವನು ನಾನು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದ ಏಕಾಂತನ ಮುಂದೆ, ಅವನ ಜೊತೆ ಬಂದವರೂ ಕೃಷ್ಣಮ್ಮನೂ ಕೇಳುತ್ತಿರುವಂತೆಯೇ, ಇದನ್ನೇ ಸ್ವಲ್ಪ ತಿದ್ದಿ ಹೇಳಿದೆ: ಎಲ್ಲೆಲ್ಲಿ ಹೊಟ್ಟೋ ಅಲ್ಲಲ್ಲಿ ಏಕಾಂತ; ಕಾರಿನಲ್ಲಿ ಹೊಟ್ಟಿದೆ; ಆದ್ದರಿಂದ ಕಾರಿನ ಗೀರು ಏಕಾಂತನದು. ಅವನು ಮೊದಲು ನಕ್ಕ. ನಾನು ನಗಲಿಲ್ಲ. ಆಗ ಅವನೂ ನಿಲ್ಲಿಸಿದ. "ಎಂತ ಭಾವ, ತಮಾಷೆಗಾ?" ಎಂದ. ತಮಾಷೆಗಲ್ಲ ಎಂದೆ. "ನಾ ಕೈ ಇಟ್ಟೆ ಅಷ್ಟೆ ಮಾರಾಯ್ರೆ. ಅಕ್ಕನ ಕಾರಲ್ವಾ, ಮೈ ಸವರಿದ್ರೆ ಎಂತ ಆಗ್ತದೆ?" ಎಂದ. ಮೈ ಸವರಿದರೆ ಮೈಯೇ ಸವೆಯುತ್ತದೆ, ಅದು ಎಮ್ಮೆಯಲ್ಲ ಎಂದೆ. ಮಾತು ಚೆನ್ನಾಗಿತ್ತು, ಒಪ್ಪುತ್ತೀಯಲ್ಲ. ಆದರೆ ಅದರ ಸೊಗಸನ್ನು ಮೆಚ್ಚುವ ಸ್ಥಿತಿಯಲ್ಲಿ ಅವನಿರಲಿಲ್ಲ. ಲೋಟ ಕೆಳಗಿಟ್ಟು ಎದ್ದು ನಿಂತ. "ಆ ಹೊಟ್ಟಿನ ಮೇಲೆ ನನ್ನ ಹೆಸ್ರು ಬರ್ದಿತ್ತಾ ಭಾವ? ನಿಮ್ಮ ಕಣದಲ್ಲಿ ಒಣಗ್ತಾ ಇರೋದು ಎಂತ, ಹತ್ತಿನಾ?"

ನೀನೂ ಹಾಗೇ ಕೇಳಬಹುದು, ಅಕ್ಕ ತಮ್ಮ ಒಂದೇ ಅಚ್ಚು. ಉತ್ತರ ಸಿದ್ಧವಾಗಿದೆ. ನಮ್ಮ ಕಣದಲ್ಲೂ ಹೊಟ್ಟಿದೆ, ಸರಿ. ಆದರೆ ಕಣ ಹಿತ್ತಲಲ್ಲಿದೆ, ಕಾರು ಮುಂದಿದೆ, ನಡುವೆ ಇಡೀ ಮನೆಯಿದೆ. ನಮ್ಮ ಹೊಟ್ಟಿಗೆ ಕಾಲಿಲ್ಲ; ಏಕಾಂತನ ಹೊಟ್ಟಿಗೆ ಜೀಪಿದೆ. ಇದನ್ನೂ ಅವನಿಗೆ ಹೇಳಿದೆ. ಜೊತೆಗೆ ಬಂದವರಲ್ಲಿ ಒಬ್ಬ ಕಿಸಕ್ಕನೆ ನಕ್ಕುಬಿಟ್ಟ. ನನಗನ್ನಿಸುವಂತೆ ಏಕಾಂತನಿಗೆ ನಾಟಿದ್ದು ನನ್ನ ಮಾತಲ್ಲ, ಆ ನಗು. ತನ್ನ ಆಳುಗಳ ಎದುರು ಅಕ್ಕನ ಮನೆಯಲ್ಲಿ ಮುಖ ಸಣ್ಣಗಾಯಿತು. ಬಹಳ ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ ಅಂದ: "ಆಯ್ತು ಭಾವ. ಮುಟ್ಟಿದ್ದಕ್ಕೆಲ್ಲ ಗೀರು ಬೀಳ್ಸೋ ಕೈ ನಂದು. ಈ ಕೈಯಲ್ಲಿ ತಂದ ತೊಟ್ಟಿಲಲ್ಲಿ ನಿಮ್ಮ ಮೊಮ್ಮಗು ಮಲಗೋದು ಬೇಡ. ಅದು ಅಟ್ಟದಲ್ಲೇ ಇರ್ಲಿ." ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ನಮ್ಮ ಸೀಮೆಯಲ್ಲಿ ಅರ್ಧ ಕಾಫಿ ಬಿಟ್ಟು ಎದ್ದು ಹೋಗುವುದೆಂದರೆ ಏನರ್ಥ ಎಂದು ನಿನಗೆ ವಿವರಿಸಬೇಕಾಗಿಲ್ಲ.

ಈಗ ಸಂಕಟ ನಿನಗೆ ಅರ್ಥವಾಗಿರಬೇಕು. ಮುಂದಿನ ಭಾನುವಾರ ನಾಮಕರಣ. ನಿನ್ನ ತವರಿನ ಆ ಬೀಟೆ ಮರದ ತೊಟ್ಟಿಲು, ನೀನು ಮಲಗಿದ್ದು, ಏಕಾಂತ ಮಲಗಿ ಅದರಲ್ಲಿ ಕೆತ್ತಿದ ಒಂದು ಗಿಳಿಯ ಕೊಕ್ಕು ಕಚ್ಚಿ ಮುರಿದದ್ದು, ನಮ್ಮ ಧನ್ಯ ಮಲಗಿದ್ದು, ಅದನ್ನು ಸೋದರಮಾವನಾಗಿ ಅವನೇ ಜೀಪಿನಲ್ಲಿ ಶಿವಮೊಗ್ಗಕ್ಕೆ ತರುವುದೆಂದು ಆಗಿತ್ತು. ಧನ್ಯ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಲು ಡಾಕ್ಟರು ಬಿಡಲಿಲ್ಲ. ಕಡೆಗೆ ತವರಿನ ತೊಟ್ಟಿಲಾದರೂ ಅವಳಿದ್ದಲ್ಲಿಗೆ ಬರಲಿ ಎಂದು ನೀನೇ ಕಣ್ಣೊರೆಸಿಕೊಂಡು ಹೇಳಿದ್ದೆ. ಅದು ಬರದಿದ್ದರೆ ಬೀಗರೇನೂ ಸುಮ್ಮನಿರುವವರಲ್ಲ. ಆನ್‌ಲೈನಿನಲ್ಲಿ ಒಳ್ಳೊಳ್ಳೆಯವು ಸಿಗುತ್ತವೆ, ಗುಂಡಿ ಒತ್ತಿದರೆ ತಾನೇ ತೂಗಿ ತಾನೇ ಲಾಲಿ ಹಾಡುತ್ತದೆ ಎಂದು ಅವರು ಆಗಲೇ ಒಂದು ಸಲ ಅಂದಿದ್ದಾರಂತೆ. ನಮ್ಮ ಮೊಮ್ಮಗಳು ಬ್ಯಾಟರಿಯ ಲಾಲಿ ಕೇಳಿ ಮಲಗುವುದೆಂದರೆ, ವಿಶಾಲೂ, ನನಗೆ ಊಟ ಸೇರುತ್ತಿಲ್ಲ. ಹಪ್ಪಳ ಮಾತ್ರ ಸೇರುತ್ತಿದೆ.

ನಾನು ಹಟಮಾರಿಯಲ್ಲ. ಏಕಾಂತ ಒಂದು ಮಾತು, ಹೌದು ಭಾವ, ತಪ್ಪಾಯಿತು ಎಂದರೆ ಸಾಕು. ನಾನು ಭಾವನ ಭಾವನೆಯನ್ನು ಬದಿಗಿಟ್ಟು ಅಲ್ಲೇ ಕ್ಷಮಿಸಿಬಿಡುತ್ತೇನೆ, ಒರಗಿದ್ದನ್ನೂ ತಟ್ಟಿದ್ದನ್ನೂ ಸೇರಿಸಿ. ನೀನು ಅವನಿಗೆ ಒಂದು ಫೋನ್ ಮಾಡಿ, ಅಕ್ಕನಾಗಿ ಅಲ್ಲ, ಹೆಡ್‌ಮೇಡಂ ಆಗಿ ಗದರಿಸಬೇಕು. ನಾನು ಗದರಿಸಲು ಹೇಳಿದೆನೆಂದು ಮಾತ್ರ ಹೇಳಬೇಡ. ನಿನ್ನ ಕಾರಿನ ಮಟ್ಟಿಗೆ ನನ್ನ ಮನಸ್ಸಾಕ್ಷಿ ನಾನೇ ತೊಳೆದ ಗಾಜಿನಷ್ಟು ಶುಭ್ರವಾಗಿದೆ. ನೀನು ಬಂದು ಬಾನೆಟ್ ನೋಡಿ ನೊಂದುಕೊಳ್ಳುವಾಗ, ಈ ಗೀರಿನಲ್ಲಿ ನನ್ನ ಗಂಡನ ಕೈ ಇಲ್ಲ ಎಂಬ ಒಂದು ಸಮಾಧಾನವಾದರೂ ನಿನಗಿರಲಿ ಎಂದೇ ಇಷ್ಟು ಉದ್ದ ಬರೆದದ್ದು.

ಧನ್ಯಳಿಗೆ ನನ್ನ ಆಶೀರ್ವಾದ. ಅಳಿಯನಿಗೆ ಶುಭ ಹಾರೈಕೆ. ಬೀಗರಿಗೆ ನಮಸ್ಕಾರ ಹೇಳು, ಬಾಳೆಹಣ್ಣು ಗುಣ ಕೊಟ್ಟಿದೆ ಎಂದೂ ಹೇಳು. ಮಗುವಿನ ಅಂಗಾಲಿಗೆ ತಾತನ ಪರವಾಗಿ ಒಂದು ಮುತ್ತು. ನೀನು ಮೆಟ್ಟಿಲನ್ನು ಕಂಬಿ ಹಿಡಿದು ಇಳಿ.

ಇಂತು,
ಯಾವ ಶಂಕೆಗೂ ಎಡೆಯಿಲ್ಲದ
ನಿನ್ನ ಶಂಕರ

ಮರೆತ ಮಾತು (ಸೋಮವಾರ ಸಂಜೆ, ಅವಸರದಲ್ಲಿ): ನಿನ್ನೆ ಭಾನುವಾರವಾದ್ದರಿಂದ ಕಾಗದ ಮೇಜಿನ ಮೇಲೇ ಉಳಿದಿತ್ತು. ಇವತ್ತು ಬೆಳಿಗ್ಗೆ ಲಕೋಟೆಯ ಮೇಲೆ ವಿಳಾಸ ಬರೆಯಲು ಕೂತೆ. ಕನ್ನಡಕದ ಮೇಲೆ ಅದೇ ಮಬ್ಬು. ಕಣದಿಂದ ಆಗಷ್ಟೇ ತಂದು ಹೆಗಲಿಗೆ ಹಾಕಿಕೊಂಡಿದ್ದ ಹಳದಿ ಬಟ್ಟೆಯಿಂದ, ದಿನಾ ಒರೆಸುವ ಹಾಗೆಯೇ, ಒರೆಸಿದೆ. ಇವತ್ತು ರೇಡಿಯೋ ಹಾಕಿರಲಿಲ್ಲ, ಮನೆ ಮೌನವಾಗಿತ್ತು, ಆದ್ದರಿಂದ ಕೇಳಿಸಿತು. ಚರ್ ಎಂದಿತು. ಕನ್ನಡಕವನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರೆ ಜೇಡರ ಬಲೆ. ಗುಂಡಗುಂಡಗೆ. ಬಾನೆಟ್ಟಿನ ಮೇಲಿದ್ದದ್ದೇ, ಸಣ್ಣ ಅಳತೆಯಲ್ಲಿ. ಮಂಜು ಮಂಜಾಗಿರಲಿಲ್ಲ, ವಿಶಾಲೂ. ಬಟ್ಟೆಯನ್ನು ಬಿಳಿ ಹಾಳೆಯ ಮೇಲೆ ಕೊಡವಿದೆ. ಪಾರ್ಚ್‌ಮೆಂಟ್ ಹೊಟ್ಟು, ಸಿಮೆಂಟಿನ ಹುಡಿ, ಮರಳು. ಕಣದಲ್ಲಿದ್ದ ಕಣವೆಲ್ಲ ಅದರ ರೋಮರೋಮದಲ್ಲಿ ಕೂತಿತ್ತು. ನಮ್ಮ ಹೊಟ್ಟಿಗೆ ಕಾಲಿರಲಿಲ್ಲ ನಿಜ. ನಾನೇ ವಾರ ವಾರ ಅದನ್ನು ಹೆಗಲ ಮೇಲೆ ಹೊತ್ತು ತಂದು ನಿನ್ನ ಕಾರಿಗೆ ಬಳಿದಿದ್ದೆ. ಒಣಗಿಸಿ ಎಂದು ನೀನು ಹೇಳಿದ್ದೆ, ಎಲ್ಲಿ ಎಂದು ಹೇಳಿರಲಿಲ್ಲ ಎಂಬ ವಾದವನ್ನು ಸಿದ್ಧಪಡಿಸಿದ್ದೇನೆ. ಅದು ನಿಲ್ಲುವುದಿಲ್ಲ ಎಂದೂ ನನಗೆ ಗೊತ್ತು. ಇನ್ನೊಂದು. ಹಾಸಿ, ಒತ್ತಿ, ಎತ್ತಿದೆ ಎಂದು ಮೇಲೆ ಬರೆದದ್ದು ಸುಳ್ಳಲ್ಲ. ಅದಾದ ಮೇಲೆ, ಯಾರೂ ಇಲ್ಲದಾಗ, ನನ್ನ ಮುಖ ಕಾಣುವವರೆಗೆ ಗುಂಡಗೆ ತಿಕ್ಕುತ್ತಿದ್ದೆ ಎಂಬುದನ್ನು ಬರೆದಿರಲಿಲ್ಲ.

ಹನ್ನೊಂದರ ಬಸ್ಸಿಗೆ ಗೋಣಿಬೀಡಿಗೆ ಹೋದೆ. ಏಕಾಂತ ಕಣದಲ್ಲಿದ್ದ. ಬಟ್ಟೆಯನ್ನೂ ಕನ್ನಡಕವನ್ನೂ ಅವನ ಮುಂದಿಟ್ಟು, ಒಂದೂ ಚಮತ್ಕಾರವಿಲ್ಲದೆ, ತಪ್ಪು ನನ್ನದು ಎಂದೆ. ಅವನು ಬಹಳ ಹೊತ್ತು ಕಾಫಿ ಎಳೆಯುತ್ತಲೇ ಇದ್ದ. ಆಮೇಲೆ ಒಳಗೆ ಕರೆದ. ಅಟ್ಟದಿಂದ ತೊಟ್ಟಿಲು ಆಗಲೇ ಇಳಿದಿತ್ತು. ಎಣ್ಣೆ ಹಚ್ಚಿ ಒರೆಸಿ, ಮುರಿದ ಗಿಳಿಗೆ ಹೊಸ ಕೊಕ್ಕು ಕೂರಿಸಿ, ಹಳೇ ಕಂಬಳಿ ಸುತ್ತಿಟ್ಟಿದ್ದ. ತರುತ್ತಾನೆ. ಆದರೆ ಒಂದು ಷರತ್ತು. ಅವನ ಮಾತಿನಲ್ಲೇ ಬರೆಯುತ್ತೇನೆ: "ನನ್ನ ಮರ್ಯಾದೆ ತೆಗ್ದಿದ್ದು ನಾಲ್ಕು ಜನರ ಎದ್ರು ಭಾವ. ಕೊಡೋದೂ ನಾಲ್ಕು ಜನರ ಎದ್ರೇ ಕೊಡಿ. ಕಾಗ್ದದಲ್ಲಿ ಬೇಡ, ಕಾಗ್ದದಲ್ಲಾದ್ರೆ ನಿಮ್ಮ ತಪ್ಪಿಗೂ ಒಡವೆ ಹಾಕಿ ಮೆರವಣಿಗೆ ಮಾಡಿಸ್ತೀರಿ."

ಮೇಲಿನ ಪುಟಗಳನ್ನು ಹರಿಯೋಣ ಎಂದುಕೊಂಡೆ. ವಾಕ್ಯಗಳು ಚೆನ್ನಾಗಿ ಬಂದಿದ್ದವು, ಮನಸ್ಸಾಗಲಿಲ್ಲ. ಕಾಗದ ತಲುಪಿದ ದಿನ ಸಂಜೆ ನನಗೆ ಫೋನ್ ಮಾಡು. ಏಕಾಂತನೂ ಅವನ ನಾಲ್ವರೂ ನಮ್ಮ ಜಗಲಿಯಲ್ಲೇ ಕೂತಿರುತ್ತಾರೆ, ಕೃಷ್ಣಮ್ಮ ಕಾಫಿ ಮಾಡಿರುತ್ತಾಳೆ. ಬೀಗರನ್ನೂ ಹತ್ತಿರ ಕರೆದು ಕೂರಿಸಿಕೋ. ಫೋನನ್ನು ಮಂಚದ ಮೇಲಿಡು.

ಸ್ಪೀಕರ್ ಹಾಕು.